ಕರಾರು ಮುಗಿದ ದಂಡನಾಯಕ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜರ್ಸಿ ಸಿಟಿಯಲ್ಲಿ ವಾಸವಾಗಿದ್ದೆ. ನನ್ನ ಪತ್ನಿ ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರಾಗಿ ಸೇವೆ ಸಲ್ಲಿಸುತ್ತಿದ್ದರು. ನಾನು ಅವರ ಅವಲಂಬಿತನಾಗಿ ಹೋಗಿದ್ದೆ. ವೀಸಾದಲ್ಲಿಯೂ ಹಾಗೆಯೇ ನಮೂದಾಗಿತ್ತು. ಅದಕ್ಕೆ ಮುನ್ನ ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಶಾಸನಗಳಿಗೆ ಸಂಬಂಧಿಸಿದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವೀರಗಲ್ಲುಗಳಿಂದ ತೆಗೆದ ಪಡಿಯಚ್ಚುಗಳನ್ನು ಊರುವಾರು ಜೋಡಿಸಿ, ಪ್ರತಿಯೊಂದಕ್ಕೂ ಟಿಪ್ಪಣಿ ಬರೆದು ಮೇಲಧಿಕಾರಿಗಳಿಗೆ ಮಂಡಿಸುವುದು ನನ್ನ ಕೆಲಸವಾಗಿತ್ತು. ಅಮೆರಿಕದಲ್ಲಿ ನನಗೆ ಕೆಲಸ ಮಾಡಲು ಅನುಮತಿ ಇರಲಿಲ್ಲವಾದ್ದರಿಂದ ಅಡಿಗೆ, ಬಟ್ಟೆ ಒಗೆಯುವುದು ಮತ್ತು ಗ್ರಂಥಾಲಯ, ಇವಿಷ್ಟು ನನ್ನ ವ್ಯಾಪ್ತಿಗೆ ಬರುತ್ತಿದ್ದವು.

ನಾವು ಬಾಡಿಗೆಗೆ ಇದ್ದ ಮನೆಯ ಮಾಲೀಕರು ಕೆಳಗಿನ ಅಂತಸ್ತಿನಲ್ಲಿದ್ದರು. ಹದಿಹರೆಯದಲ್ಲಿ ಇಟಲಿಯಿಂದ ಬಂದು, ನದಿ ದಂಡೆಯ ಹಡಗುಕಟ್ಟೆಗಳಲ್ಲಿ ಮೂಟೆ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಪತ್ನಿ ತೀರಿಕೊಂಡಿದ್ದರು. ಹಡಗುಗಳು ದಕ್ಷಿಣದ ಹೊಸ ಬಂದರಿಗೆ ಹೋಗಿಬಿಟ್ಟಿದ್ದ ಕಾರಣ ಹಳೆಯ ಕಟ್ಟೆಗಳು ಖಾಲಿ ಬಿದ್ದಿದ್ದವು. ಆದರೂ ಅವರು ಪ್ರತಿದಿನ ಬೆಳಿಗ್ಗೆ ಅಲ್ಲಿಗೆ ಹೋಗಿ, ಎಲ್ಲವೂ ಖಾಲಿಯಾಗಿಯೇ ಇದೆ ಎಂದು ಖಚಿತಪಡಿಸಿಕೊಂಡು ಬರುತ್ತಿದ್ದರು. ನನ್ನನ್ನು ಅವರು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ನಾನು ಪ್ರೊಫೆಸರ್ ಅಲ್ಲವೆಂಬುದನ್ನು ಲಿಖಿತವಾಗಿ ಅಲ್ಲದಿದ್ದರೂ ಮೌಖಿಕವಾಗಿ ಹಲವು ಬಾರಿ ಅವರ ಗಮನಕ್ಕೆ ತಂದಿದ್ದೆ. ಅವರು ಆಡುತ್ತಿದ್ದುದು ಇಂಗ್ಲಿಷ್. ಅದನ್ನು ಇಲ್ಲಿ ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ. ಎಲ್ಲಿಯಾದರೂ ಅವರ ಮಾತಿನ ತೂಕ ಕಡಿಮೆಯಾಗಿದ್ದರೆ ಅದರ ಹೊಣೆ ನನ್ನದು.

ಹಿತ್ತಲಿನಲ್ಲಿ ಅವರದೊಂದು ಅಂಜೂರದ ಗಿಡವಿತ್ತು. ಚಳಿಗಾಲಕ್ಕೆ ಮುಂಚೆ ಅದರ ಕೊಂಬೆಗಳನ್ನು ಒಟ್ಟುಗೂಡಿಸಿ ಕಟ್ಟಿ, ಹಳೆಯ ಕಾರ್ಪೆಟ್ ಸುತ್ತಿ, ತುದಿಗೆ ಬಕೆಟ್ ಕವುಚಬೇಕಾಗಿತ್ತು. ಆ ವರ್ಷ ನಾನು ಹಗ್ಗ ಹಿಡಿಯಲು ನಿಯೋಜಿತನಾಗಿದ್ದೆ.

"ಗಟ್ಟಿಯಾಗಿ ಎಳಿ ಪ್ರೊಫೆಸರ್, ಮುರಿಯಲ್ಲ. ನೀನು ಓದಿರೋದು ಹಿಸ್ಟರಿ ತಾನೆ?"

"ಹೌದು. ಆದರೆ ಕರ್ನಾಟಕದ ಇತಿಹಾಸ."

"ಅಲ್ಲೂ ರಾಜರು, ಕುದುರೆ, ಯುದ್ಧ ಎಲ್ಲ ಇತ್ತಲ್ಲ?"

"ಇತ್ತು."

"ಹಾಗಾದ್ರೆ ಒಂದೇ. ನನಗೊಂದು ಕೆಲಸ ಮಾಡ್ಕೊಡು."

ಕೆಲಸದ ವಿವರ ಹೀಗಿತ್ತು. ಇಟಲಿಯ ಒಂದೇ ಊರಿನಿಂದ ಬಂದವರೆಲ್ಲ ಸೇರಿ ಎರಡು ಬೀದಿ ಆಚೆ ಒಂದು ಕ್ಲಬ್ಬು ಇಟ್ಟುಕೊಂಡಿದ್ದರು. ಅದರ ಹಾಲಿನ ಗೋಡೆಯ ಮೇಲೆ ಒಬ್ಬ ಸಂತ, ಒಬ್ಬ ನಾವಿಕ, ಒಬ್ಬ ಸಂಗೀತಗಾರ ಹಾಗೂ ಒಬ್ಬ ಬಾಕ್ಸರ್ ಇವರ ಚಿತ್ರಗಳಿದ್ದವು. ಆ ಸಾಲಿಗೆ ನಮ್ಮ ಮಾಲೀಕರು ತಮ್ಮ ಊರಿನ ಹಳೆಯ ಒಡೆಯನ ಚಿತ್ರವನ್ನು ಸೇರಿಸಿದ್ದರು. ಆತ ಸುಮಾರು ಆರುನೂರು ವರ್ಷಗಳ ಹಿಂದಿನ ಒಬ್ಬ ಕುಲೀನ. ಕೂಲಿ ದಂಡಿನ ನಾಯಕ. ಅಂದರೆ ತನ್ನದೇ ಸೈನ್ಯ ಕಟ್ಟಿಕೊಂಡು, ಸಂಬಳ ಕೊಟ್ಟವರ ಪರವಾಗಿ ಯುದ್ಧ ಮಾಡುವವನು. ಚಿತ್ರದಲ್ಲಿ ಆತ ದಪ್ಪ ಕುದುರೆಯ ಮೇಲೆ ಕುಳಿತು, ಬಾಕಿ ಕೆಲಸ ನೆನಪಾದವನಂತೆ ಒಂದು ಪಕ್ಕಕ್ಕೆ ನೋಡುತ್ತಿದ್ದ. ಮುಂದಿನ ಭಾನುವಾರ ಹೋಗಿ ನೋಡಿದರೆ ಯಾರೋ ಆ ಚಿತ್ರವನ್ನು ತಲೆಕೆಳಗಾಗಿ ತಿರುಗಿಸಿದ್ದರು. ಮಾಲೀಕರು ಸರಿಮಾಡಿ ಬಂದರು. ಅದರ ಮುಂದಿನ ಭಾನುವಾರವೂ ಕುದುರೆಯ ಕಾಲುಗಳು ಮೇಲಿದ್ದವು.

ಕ್ಲಬ್ಬಿನ ಅಧ್ಯಕ್ಷರು ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ಸಂಸ್ಥೆಯೊಂದನ್ನು ನಡೆಸುತ್ತಿದ್ದ ಕಾರಣ ಯಾವ ಜಗಳದಲ್ಲಿಯೂ ಪಕ್ಷ ವಹಿಸುತ್ತಿರಲಿಲ್ಲ. ಎರಡೂ ಕಡೆಯವರು ಅವರಿಗೆ ಬೇಕಾಗಿದ್ದರು. ಇತಿಹಾಸ ಓದಿದ ಯಾರಾದರೂ ದಂಡನಾಯಕನ ಜೀವನದ ಬಗ್ಗೆ ಒಂದು ಹೇಳಿಕೆ ಕೊಡಲಿ, ಅದನ್ನು ಸಭೆಯಲ್ಲಿ ಓದಿದ ಬಳಿಕ ಚಿತ್ರ ಇರಬೇಕೋ ಬೇಡವೋ ಕೈ ಎತ್ತಿ ತೀರ್ಮಾನಿಸೋಣ ಎಂದು ಅವರು ಆದೇಶಿಸಿದ್ದರು.

"ಯಾರು ತಿರುಗಿಸಿದ್ದು ಅಂತ ಗೊತ್ತೇ?" ಎಂದು ಕೇಳಿದೆ.

"ಕಟಿಂಗ್ ಅಂಗಡಿಯವನು. ಇನ್ಯಾರು?" ಎಂದು ಬಕೆಟ್ಟನ್ನು ಗಿಡದ ಮೇಲೆ ಕವುಚಿ, ಅದರ ತಲೆಗೆ ಎರಡು ಏಟು ಕೊಟ್ಟರು.

ನಾನು ಸಾಮಾನ್ಯವಾಗಿ ವಾರಕ್ಕೊಮ್ಮೆ ನದಿಯ ಅಡಿಯ ಟ್ರೈನಿನಲ್ಲಿ ನ್ಯೂಯಾರ್ಕಿಗೆ ಹೋಗಿ, ತೊಗರಿಬೇಳೆ, ಹುಣಿಸೆಹಣ್ಣು ತರುತ್ತಿದ್ದೆ. ಅಲ್ಲಿನ ದೊಡ್ಡ ಗ್ರಂಥಾಲಯದಲ್ಲಿ ಕೋರಿಕೆ ಚೀಟಿ ಸಲ್ಲಿಸಿದರೆ ಪುಸ್ತಕಗಳನ್ನು ಮೇಜಿಗೇ ತಂದುಕೊಡುತ್ತಿದ್ದರು. ಬೇಳೆಯ ಚೀಲವನ್ನು ಕಾಲ ಬಳಿ ಇರಿಸಿಕೊಂಡು ನಾನು ದಂಡನಾಯಕನ ಚರಿತ್ರೆಯನ್ನು ಓದಿದೆ.

ಆತ ಬೆಟ್ಟದ ಮೇಲಿನ ಒಂದು ಸಣ್ಣ ಪಾಳೆಯಪಟ್ಟಿನ ಒಡೆಯನ ಎರಡನೆಯ ಮಗ. ಕೋಟೆ, ಹೊಲ, ತೋಟಗಳು ಅಣ್ಣನ ಪಾಲಿಗೆ ಹೋದವು. ಇವನ ಪಾಲಿಗೆ ಒಂದು ಕುದುರೆ ಬಂತು. ಕುದುರೆಯೊಂದಿಗೆ ಮಾಡಬಹುದಾದ ಉದ್ಯೋಗಗಳು ಆ ಕಾಲದಲ್ಲಿ ಹೆಚ್ಚಿರಲಿಲ್ಲ. ಒಂದು ಕೂಲಿ ದಂಡನ್ನು ಸೇರಿ, ಅದರ ನಾಯಕ ಸತ್ತಾಗ ತಾನೇ ನಾಯಕನಾದ. ವರ್ತಕರು ಆಳುತ್ತಿದ್ದ ಒಂದು ದೊಡ್ಡ ನಗರ ಅವನನ್ನು ಕರಾರಿನ ಮೇಲೆ ನೇಮಿಸಿಕೊಂಡಿತು. ಕರಾರಿನಲ್ಲಿ ಎಷ್ಟು ಸವಾರರು, ಎಷ್ಟು ಕಾಲ, ಸತ್ತ ಕುದುರೆಗೆ ಪರಿಹಾರವೇನು ಎಂಬುದೆಲ್ಲ ನಮೂದಾಗಿತ್ತು. ಅವನ ಯುದ್ಧಗಳಲ್ಲಿ ಜನ ಹೆಚ್ಚು ಸಾಯುತ್ತಿರಲಿಲ್ಲ. ಸೆರೆ ಸಿಕ್ಕ ಸವಾರನನ್ನು ಬಿಡಿಸಿಕೊಳ್ಳಲು ಮನೆಯವರು ಹಣ ಕೊಡುತ್ತಿದ್ದುದರಿಂದ, ಕೊಲ್ಲುವುದನ್ನು ಒಂದು ರೀತಿಯ ದುಂದು ಎಂದು ಎರಡೂ ಪಕ್ಷದವರು ಭಾವಿಸುತ್ತಿದ್ದರು.

ಕರಾರಿನ ಅವಧಿ ಮುಗಿಯಿತು. ಇನ್ನು ಯುದ್ಧವಿಲ್ಲ ಎಂದು ಲೆಕ್ಕ ಹಾಕಿದ ವರ್ತಕರು ಅದನ್ನು ನವೀಕರಿಸಲಿಲ್ಲ. ದಂಡನಾಯಕ ಮುಂಚಿತವಾಗಿಯೇ ತುತ್ತೂರಿಯವನನ್ನು ಕಳುಹಿಸಿ, ತಾನು ಹೊರಡುವ ಸಂಗತಿಯನ್ನು ನಗರದ ಬಾಗಿಲಲ್ಲಿ ಸಾರಿಸಿ, ನಗರದ ಶತ್ರುವಾಗಿದ್ದ ಡ್ಯೂಕ್ ಒಬ್ಬನ ಸೇವೆಗೆ ಸೇರಿದ. ಹಳೆಯ ಒಡೆಯರ ಮೇಲೆ ಇಂತಿಷ್ಟು ಕಾಲ ಕತ್ತಿ ಎತ್ತಕೂಡದೆಂದು ಕರಾರಿನಲ್ಲಿ ಒಂದು ಷರತ್ತಿತ್ತು. ಆ ಕಾಲ ಪೂರ್ತಿ ಮುಗಿಯುವವರೆಗೆ ಗಡಿಯಲ್ಲಿ ಡೇರೆ ಹಾಕಿಕೊಂಡು ಕುಳಿತಿದ್ದ. ಮುಗಿದ ಮರುದಿನ ಗಡಿ ದಾಟಿ, ಆಗ ಅಣ್ಣನ ಕೈತಪ್ಪಿ ನಗರದ ವಶದಲ್ಲಿದ್ದ ತನ್ನ ಸ್ವಂತ ಊರಿಗೇ ಮುತ್ತಿಗೆ ಹಾಕಿದ. ಬೆಟ್ಟದ ಮೇಲಿನ ಊರಿಗೆ ಹಿಟ್ಟು ಹೋಗದಿರಲೆಂದು ಕೆಳಗೇರಿಯ ನೀರಿನ ಗಿರಣಿಯನ್ನು ಸುಟ್ಟ. ಊರು ಬಿತ್ತು. ಡ್ಯೂಕ್ ಅದನ್ನು ಅವನಿಗೇ ಉಂಬಳಿಯಾಗಿ ಕೊಟ್ಟು ಕೌಂಟ್ ಪದವಿ ದಯಪಾಲಿಸಿದ.

ಇದರಿಂದ ಕೆರಳಿದ ವರ್ತಕರು ತಮ್ಮ ಅರಮನೆಯ ಹೊರಗೋಡೆಯ ಮೇಲೆ, ದಂಡನಾಯಕ ಒಂದು ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ನೇತಾಡುವ ಚಿತ್ರವನ್ನು ಬರೆಸಿದರು. ದ್ರೋಹಿಗಳು ಕೈಗೆ ಸಿಗದಿದ್ದಾಗ ಹೀಗೆ ಮಾಡುವುದು ಆ ಕಡೆಯ ಪದ್ಧತಿಯಾಗಿತ್ತು. ಕೆಲವು ವರ್ಷಗಳ ನಂತರ ಅವರಿಗೆ ಮತ್ತೆ ಯುದ್ಧ ಬಂದು, ಮತ್ತೆ ಇವನೇ ಬೇಕಾದಾಗ, ಇವನು ಬರುವ ಮುನ್ನ ಆ ಗೋಡೆಗೆ ಸುಣ್ಣ ಹೊಡೆಸಿದರು. ಕೊನೆಗೆ ಜವುಗು ನೆಲದ ಒಂದು ಶಿಬಿರದಲ್ಲಿ ಜ್ವರ ಬಂದು ಹಾಸಿಗೆಯಲ್ಲಿಯೇ ಸತ್ತ. ತನ್ನ ಊರಿನ ಅನಾಥ ಶಿಶುಗಳಿಗೆಂದು ಒಂದು ಆಶ್ರಮವನ್ನೂ ಅದಕ್ಕೆ ಬೇಕಾದ ಜಮೀನನ್ನೂ ಬಿಟ್ಟುಹೋಗಿದ್ದ.

ನಾನು ಇದನ್ನೆಲ್ಲ ಓದಿ ಚಿಂತೆಗೊಳಗಾದೆ. ನನ್ನ ಹಳೆಯ ಕಚೇರಿಯಲ್ಲಿ ನಾನು ನೋಡಿದ ವೀರಗಲ್ಲುಗಳ ಪೈಕಿ ಹಾಸಿಗೆಯಲ್ಲಿ ಸತ್ತ ವೀರ ಒಬ್ಬನೂ ಇರಲಿಲ್ಲ. ನಮ್ಮಲ್ಲಿ ಜೋಳವಾಳಿ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಆ ಋಣವನ್ನು ತಲೆ ಕೊಟ್ಟು ತೀರಿಸಬೇಕು. ತೀರಿಸಿದವನಿಗೆ ಕಲ್ಲು ನಿಲ್ಲಿಸುತ್ತಾರೆ. ಜೋಳ ಇಂತಿಷ್ಟು ತಿಂಗಳಿಗೆ ಮಾತ್ರ ಎಂದು ಬರೆದ ಕಲ್ಲನ್ನು ನಾನು ಕಂಡಿರಲಿಲ್ಲ. ಈ ಅಂಶವನ್ನು ಮಾಲೀಕರಿಗೆ ಅವರ ಅಡಿಗೆಮನೆಯಲ್ಲಿ ಕಾಫಿ ಕುಡಿಯುತ್ತ ವಿವರಿಸಿದೆ.

ಅವರು ಗಮನವಿಟ್ಟು ಕೇಳಿದರು. "ನಿಮ್ಮ ಸಿಪಾಯಿ ಪ್ರಾಣ ಕೊಡ್ತೀನಿ ಅಂತ ಒಪ್ಪಿದ. ಸರಿ. ಒಡೆಯ ಏನು ಬರೆದುಕೊಟ್ಟ?"

"ಬರೆದುಕೊಡುವುದು ಇರಲಿಲ್ಲ. ಊಟ ಹಾಕುತ್ತಿದ್ದ."

"ಕುದುರೆ ಸತ್ರೆ?"

"ಅದರ ಬಗ್ಗೆ ಮಾಹಿತಿ ಇಲ್ಲ."

"ನಿಮ್ಮವರ ಯೂನಿಯನ್ ಸರಿಯಿರಲಿಲ್ಲ ಪ್ರೊಫೆಸರ್," ಎಂದು ಅವರು ನಿಜವಾದ ವಿಷಾದದಿಂದ ಹೇಳಿದರು. "ನಮ್ಮ ಕ್ಯಾಪ್ಟನ್ ಒಂದು ದಿನಾನೂ ಕರಾರು ಮುರೀಲಿಲ್ಲ. ಮುಗೀತು, ಹೋದ. ಮುಗಿದ ಮೇಲೆ ಹೋಗೋದು ದ್ರೋಹ ಹೇಗಾಗುತ್ತೆ?"

ತಲೆಕೆಳಗಾದ ಚಿತ್ರದ ಪದ್ಧತಿಯನ್ನು ತಿಳಿಸಿದಾಗ ಮಾತ್ರ ಅವರು ಕಾಫಿಯ ಕಪ್ಪನ್ನು ಕೆಳಗಿಟ್ಟರು. ಕಟಿಂಗ್ ಅಂಗಡಿಯವರಿಗೆ ಇಷ್ಟೊಂದು ಇತಿಹಾಸ ತಿಳಿದಿರಲಿಕ್ಕಿಲ್ಲ ಎಂದು ನಾನು ಸಮಾಧಾನ ಹೇಳಿದೆ.

"ಪುಸ್ತಕ ಯಾಕೆ ಬೇಕು? ನಮ್ಮೂರಲ್ಲಿ ನಾವು ಹುಡುಗರು ಕೂಡ ಮುನಿಸಿಕೊಂಡ್ರೆ ಫೋಟೋ ತಿರುಗಿಸಿ ಇಡ್ತಿದ್ವಿ. ಅವನು ತಿರುಗಿಸಿದ್ದು ಕ್ಯಾಪ್ಟನ್‌ನ ಅಲ್ಲ. ನನ್ನ."

ಆಗ ಅವರು ಹೇಳಿದ ಸಂಗತಿಯೇ ಈ ಬರಹಕ್ಕೆ ಕಾರಣ. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಅವರೂ ಕಟಿಂಗ್ ಅಂಗಡಿಯವರ ಅಣ್ಣನೂ ಒಂದೇ ಕಟ್ಟೆಯಲ್ಲಿ ಒಂದೇ ಗುಂಪಿನಲ್ಲಿ ಮೂಟೆ ಹೊರುತ್ತಿದ್ದರು. ಯೂನಿಯನ್ನಿನ ಕರಾರು ಮುಗಿದು, ಹೊಸದು ಆಗದೆ, ಎಲ್ಲರೂ ಕೆಲಸ ನಿಲ್ಲಿಸಲು ಸಿದ್ಧರಾಗುತ್ತಿದ್ದಾಗ ಇವರು ನದಿಯ ಆಚೆ ದಡದ ಇನ್ನೊಂದು ಗುಂಪಿಗೆ ಸೇರಿ ಹಡಗು ಇಳಿಸಲು ಹೋದರು. ಹಡಗುಗಳೆಲ್ಲ ಆಚೆ ದಡಕ್ಕೇ ಹೋದುದರಿಂದ ಆ ಚಳಿಗಾಲವೆಲ್ಲ ಈ ದಡದವರಿಗೆ ಕೆಲಸ ಸಿಗಲಿಲ್ಲ. ಅಣ್ಣ ಬೇರೆ ರಾಜ್ಯಕ್ಕೆ ಹೋದವನು ಅಲ್ಲಿಯೇ ಸತ್ತ. ಅಂದಿನಿಂದ ಬೀದಿಯ ಮೂಲೆಯ ಆ ಅಂಗಡಿಯಲ್ಲಿ ಇವರಿಗೆ ಕಟಿಂಗ್ ಇಲ್ಲ. ಇವರು ಬಸ್ ಹಿಡಿದು ಪಕ್ಕದ ಊರಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬರುತ್ತಿದ್ದರು. ಕ್ಲಬ್ಬಿನಲ್ಲಿ ಎಲ್ಲರೂ ಮಾತನಾಡಿಸುತ್ತಿದ್ದರು, ಆದರೆ ಇಸ್ಪೀಟಿನ ಮೇಜಿಗೆ ಯಾರೂ ಕರೆಯುತ್ತಿರಲಿಲ್ಲ.

"ನನಗೆ ಎಪ್ಪತ್ತು ದಾಟಿತು. ಆ ಚಿತ್ರ ಗೋಡೆ ಮೇಲೆ ನೆಟ್ಟಗೆ ನಿಂತರೆ ನಾನೂ ನೆಟ್ಟಗೆ ನಿಂತಹಾಗೆ. ಬರಿ, ಚೆನ್ನಾಗಿ ಬರಿ."

ನಾನು ಚೆನ್ನಾಗಿ ಬರೆಯಲು ನಿರ್ಧರಿಸಿ, ನನಗೆ ಗೊತ್ತಿದ್ದ ಒಂದೇ ಕ್ರಮದಲ್ಲಿ ಬರೆದೆ. ವಿಷಯ, ಉಲ್ಲೇಖ, ಜನನ ಮತ್ತು ವಂಶ, ಸೇವಾ ವಿವರ, ಪಡೆದ ಪದವಿಗಳು, ದಾನಧರ್ಮ. ಕೊನೆಯಲ್ಲಿ, ಪ್ರತಿಕೂಲ ಅಂಶಗಳು. ನಮ್ಮ ಕಚೇರಿಯಲ್ಲಿ ಈ ಕೊನೆಯ ಭಾಗವಿಲ್ಲದೆ ಮಂಡಿಸಿದ ಟಿಪ್ಪಣಿ ಒಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಮರಳಿ ಬರುತ್ತಿತ್ತು. ಬರೀ ಒಳ್ಳೆಯದನ್ನೇ ಬರೆದವನು ಏನೋ ತಿಂದಿದ್ದಾನೆ ಎಂಬುದು ಮೇಲಧಿಕಾರಿಗಳ ಅಭಿಪ್ರಾಯವಾಗಿತ್ತು. ಆದ್ದರಿಂದ ನಾನು ಹೀಗೆ ದಾಖಲಿಸಿದೆ: ಸದರಿ ದಂಡನಾಯಕನು ಒಂದಕ್ಕಿಂತ ಹೆಚ್ಚು ಬಾರಿ ಒಡೆಯರನ್ನು ಬದಲಿಸಿದ್ದಾನೆ, ಕೆಳಗೇರಿಯ ಗಿರಣಿಯನ್ನು ಸುಟ್ಟಿದ್ದಾನೆ, ಅದರಿಂದ ಅಲ್ಲಿನ ಬಡವರು ಆ ವರ್ಷ ಹಿಟ್ಟಿಲ್ಲದೆ ಸಂಕಟಪಟ್ಟರು, ಇದಕ್ಕೆ ಪರಿಹಾರ ಕೊಟ್ಟ ಬಗ್ಗೆ ಉಲ್ಲೇಖವಿಲ್ಲ.

ನನ್ನ ಪತ್ನಿ ಆಸ್ಪತ್ರೆಯಿಂದ ಬಂದು ಹುಳಿಯನ್ನ ಕಲಸಿಕೊಳ್ಳುತ್ತ ಎಡಗೈಯಲ್ಲಿ ಅದನ್ನು ಹಿಡಿದು ಓದಿದರು.

"ಏನ್ರೀ ಇದು, ಪ್ರತಿಕೂಲ ಅಂಶಗಳು? ಇದನ್ನ ಯಾರಾದ್ರೂ ಕೇಳಿದ್ರಾ?"

"ಕೇಳಿಲ್ಲ. ಆದರೆ ಇಲ್ಲದಿದ್ದರೆ ಕಡತ ವಾಪಸ್ ಬರುತ್ತೆ."

"ಎಲ್ಲಿಂದ ವಾಪಸ್ ಬರುತ್ತೆ? ಪಾಪ ಆ ಅಂಕಲ್‌ಗೆ ಒಂದು ಗುಡ್ ಸರ್ಟಿಫಿಕೇಟ್ ಬೇಕು ಅಷ್ಟೆ. ನಾವು ಪೇಷೆಂಟ್ ಚಾರ್ಟ್‌ನಲ್ಲೂ ಇಷ್ಟು ನಿಷ್ಠುರವಾಗಿ ಬರೆಯಲ್ಲಪ್ಪ."

"ಸತ್ತವರಿಗೆ ಸರ್ಟಿಫಿಕೇಟ್ ಕೊಡುವ ಅಧಿಕಾರ ನನಗಿಲ್ಲ."

"ಬದುಕಿರೋರಿಗೆ ಇದೆಯಾ? ಬಾಡಿಗೆ ಮನೆ ಕಣ್ರೀ ಇದು, ನೆನಪಿರಲಿ." ಮತ್ತೆರಡು ತುತ್ತು ಉಂಡು, ಹಾಳೆ ತಿರುಗಿಸಿ ಹೇಳಿದರು: "ಜವುಗಲ್ಲಿ ಜ್ವರ ಅಂದ್ರೆ ಮಲೇರಿಯಾ. ಅದನ್ನಾದ್ರೂ ಸರಿಯಾಗಿ ಬರೀರಿ."

ನಾನು 'ಮಲೇರಿಯಾ ಇದ್ದಿರಬಹುದು' ಎಂದು ತಿದ್ದಿ, ಕೆಳಗೆ ಸಹಿ ಮಾಡಿದೆ. ಇಂಗ್ಲಿಷಿಗೆ ಇಳಿಸುವಾಗಲೂ ಯಾವ ಭಾಗವನ್ನೂ ಬಿಡಲಿಲ್ಲ. ಮಾಲೀಕರು ಅದನ್ನು ಮೊದಲೇ ನೋಡಲು ಇಷ್ಟಪಡಲಿಲ್ಲ. ಸಭೆಯಲ್ಲಿ ಎಲ್ಲರ ಜೊತೆ ಕೇಳಿದರೇ ಚೆಂದ ಎಂದರು.

ಸಭೆ ಜನವರಿಯ ಒಂದು ಭಾನುವಾರ ಮಧ್ಯಾಹ್ನ ನಡೆಯಿತು. ಹೊರಗೆ ಹಿಮ ಬಿದ್ದು ಕರಿದಾಗಿತ್ತು. ಹಾಲಿನಲ್ಲಿ ಮಡಿಚುವ ಕುರ್ಚಿಗಳು, ಸಿಗಾರಿನ ಹೊಗೆ, ಎಲ್ಲರೂ ವಯಸ್ಸಾದವರು. ಮಾಲೀಕರು ಚಿತ್ರವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಕಟಿಂಗ್ ಅಂಗಡಿಯವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು. ತೆಳ್ಳಗಿನ ಮನುಷ್ಯ, ಅವರ ಸ್ವಂತ ತಲೆಯಲ್ಲಿ ಮಾತ್ರ ಒಂದು ಕೂದಲೂ ಇರಲಿಲ್ಲ. ಅಧ್ಯಕ್ಷರು ನನ್ನನ್ನು ಇಂಡಿಯಾದಿಂದ ಬಂದ ಪ್ರೊಫೆಸರ್ ಎಂದು ಪರಿಚಯಿಸಿದರು. ತಿದ್ದುಪಡಿಗೆ ಅವಕಾಶ ಸಿಗಲಿಲ್ಲ.

ನಾನು ನಿಂತು ಓದಿದೆ. ವಂಶದ ಭಾಗಕ್ಕೆ ತಲೆದೂಗಿದರು. ಪದವಿಗಳ ಭಾಗಕ್ಕೆ ಒಬ್ಬರು ಚಪ್ಪಾಳೆ ತಟ್ಟಲು ಹೋಗಿ, ಇತರರು ತಟ್ಟದ್ದನ್ನು ಕಂಡು ಕೈ ಉಜ್ಜಿಕೊಂಡರು. ಶಿಶುಗಳ ಆಶ್ರಮದ ಭಾಗ ಬಂದಾಗ ಮಾಲೀಕರು ಟವೆಲನ್ನು ಬಿಚ್ಚತೊಡಗಿದರು. ಆಮೇಲೆ ನಾನು ಪ್ರತಿಕೂಲ ಅಂಶಗಳನ್ನು ಓದಿದೆ. ಟವೆಲಿನ ಮೇಲಿನ ಕೈ ನಿಂತಿತು.

"ಅದನ್ನ ಇನ್ನೊಂದು ಸಲ ಓದು," ಎಂದರು ಕಟಿಂಗ್ ಅಂಗಡಿಯವರು.

ಓದಿದೆ.

"ಗಿರಣಿದು ಮಾತ್ರ."

ಮೂರನೆಯ ಬಾರಿ ಅದೊಂದನ್ನೇ ಓದಿದೆ. ಅವರು ಹಿಂದಕ್ಕೆ ತಿರುಗಿ ಸಭೆಗೆ ಹೇಳಿದರು: "ಕೇಳಿಸ್ತಾ? ನಮ್ಮ ಕೆಳಗೇರಿ ಗಿರಣಿ. ನಮ್ಮಜ್ಜಿ ಹೇಳಿದ್ರೆ ಮೇಲೂರಿನವರು ಕಟ್ಟುಕಥೆ ಅಂತ ನಗ್ತಿದ್ರಿ. ಪ್ರೊಫೆಸರ್ ಬರೆದು ಸಹಿ ಹಾಕಿದಾನೆ."

ಮಾಲೀಕರು ಎದ್ದು ನಿಂತರು. ನನ್ನ ಕಡೆ ನೋಡಲಿಲ್ಲ. "ಸುಟ್ಟ. ಆದರೆ ದ್ರೋಹ ಮಾಡಲಿಲ್ಲ. ಕರಾರು ಮುಗಿದಿತ್ತು. ಶುಕ್ರವಾರ ಮುಗೀತು, ಸೋಮವಾರ ಆಚೆ ದಡಕ್ಕೆ ಹೋದ."

ದಂಡನಾಯಕನ ಕರಾರು ಯಾವ ವಾರ ಮುಗಿಯಿತೆಂದು ನನ್ನ ಹೇಳಿಕೆಯಲ್ಲಿ ಇರಲಿಲ್ಲ. ಅವನ ಮುತ್ತಿಗೆಯಲ್ಲಿ ನದಿಯ ದಡವೂ ಇರಲಿಲ್ಲ. ಇದನ್ನು ಹಾಲಿನಲ್ಲಿದ್ದ ಎಲ್ಲರೂ ಗಮನಿಸಿದರೆಂದು ನನ್ನ ಭಾವನೆ, ಏಕೆಂದರೆ ಯಾರೂ ಕೆಮ್ಮಲಿಲ್ಲ.

ಕಟಿಂಗ್ ಅಂಗಡಿಯವರು ನಿಧಾನವಾಗಿ ಕೇಳಿದರು. "ಪ್ರೊಫೆಸರ್, ಕ್ಯಾಪ್ಟನ್ ಹೋಗೋ ಮುಂಚೆ ಹೇಳಿ ಹೋದನಾ?"

"ಹೌದು. ತುತ್ತೂರಿಯವನನ್ನು ಕಳಿಸಿ ಸಾರಿಸಿದ."

"ನೋಡು," ಎಂದು ಅವರು ಮಾಲೀಕರ ಕಡೆ ತಿರುಗಿದರು. "ಅಂಥ ಕಳ್ಳ ಕೂಡ ತುತ್ತೂರಿ ಊದಿಸಿ ಹೋದ. ನೀನು? ಅಣ್ಣ ಬೆಳಿಗ್ಗೆ ನಿನ್ನ ಮನೆ ಮುಂದೆ ಕಾದು ನಿಂತಿದ್ದ, ಚಳೀಲಿ. ಎಂದಿನ ಹಾಗೆ ಇಬ್ಬರೂ ಒಟ್ಟಿಗೆ ಹೋಗೋಣ ಅಂತ."

"ಗೊತ್ತು. ಕಿಟಕಿಯಿಂದ ನೋಡ್ತಿದ್ದೆ."

"ನೋಡ್ತಿದ್ದೆ!"

"ಹೇಳಿದ್ರೆ ಅವನು ಬೇಡ ಅಂತಿದ್ದ. ಅವನು ಬೇಡ ಅಂದಿದ್ರೆ ನನಗೆ ಹೋಗೋಕೆ ಆಗ್ತಿರಲಿಲ್ಲ. ಮನೇಲಿ ಹೆಂಡತಿ ಹಾಸಿಗೆ ಹಿಡಿದಿದ್ಲು. ಹಿಂದಿನ ಬಾಗಿಲಿಂದ ಹೋದೆ."

"ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?"

"ನೀನು ಕೇಳಿದ್ದು ಯಾವಾಗ? ನೀನು ಫೋಟೋ ತಿರುಗಿಸ್ತಿದ್ದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ನಕ್ಕದ್ದಕ್ಕೆ ಕ್ಷಮೆ ಕೇಳಿದರು. ಕಟಿಂಗ್ ಅಂಗಡಿಯವರು ಬಹಳ ಹೊತ್ತು ಮಾಲೀಕರನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ, "ಆ ಪಕ್ಕದ ಊರಿನವನು ನಿನ್ನ ಕತ್ತಿನ ಹಿಂದೆ ಏನು ಮಾಡಿದಾನೋ ದೇವರಿಗೇ ಗೊತ್ತು, ಮೇಕೆ ಮೇಯ್ದ ಹಾಗಿದೆ," ಎಂದು ಹೇಳಿ ಎದ್ದು, ಗೋಡೆ ಪಕ್ಕದ ಇಸ್ಪೀಟಿನ ಮೇಜಿಗೆ ಹೋಗಿ ಕುಳಿತರು. ಎದುರಿನ ಕುರ್ಚಿಯನ್ನು ಕಾಲಿನಿಂದ ಹೊರಕ್ಕೆ ತಳ್ಳಿದರು.

ಮಾಲೀಕರು ಒಂದು ಕ್ಷಣ ಚಿತ್ರವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಹತ್ತಿರದಲ್ಲಿ ನಾನಿದ್ದೆ. ಅದನ್ನು ನನ್ನ ಕೈಗೆ ಕೊಟ್ಟು ಹೋದರು.

ಅಧ್ಯಕ್ಷರಿಗೆ ಕಾರ್ಯಸೂಚಿ ಪೂರ್ಣಗೊಳಿಸುವುದು ಇನ್ನೂ ಬಾಕಿಯಿತ್ತು. ಚಿತ್ರವನ್ನು ಗೋಡೆಗೆ ಹಾಕುವುದರ ಪರವಾಗಿರುವವರು ಕೈ ಎತ್ತಬೇಕೆಂದು ಅವರು ಕೋರಿದರು. ನಾನು ಚಿತ್ರವನ್ನು ಎಡಗಂಕುಳಿಗೆ ಸೇರಿಸಿಕೊಂಡು ಬಲಗೈ ಎತ್ತಿದೆ. ಸದಸ್ಯರಲ್ಲದವರ ಮತವನ್ನು ಪರಿಗಣಿಸಲಾಗುವುದಿಲ್ಲವೆಂದು ಅಧ್ಯಕ್ಷರು ಸೌಜನ್ಯದಿಂದ ತಿಳಿಸಿದರು. ಬೇರೆ ಯಾವ ಕೈಯೂ ಮೇಲೆ ಬರಲಿಲ್ಲ. ನಾನು ಇಸ್ಪೀಟಿನ ಮೇಜಿನ ಕಡೆ ನೋಡಿದೆ. ಮಾಲೀಕರ ಎರಡೂ ಕೈಗಳಲ್ಲಿ ಎಲೆಗಳಿದ್ದವು. ಅವರು ಅವನ್ನು ಜೋಡಿಸಿಕೊಳ್ಳುವುದರಲ್ಲಿ ಮಗ್ನರಾಗಿದ್ದು, ಮತದಾನ ನಡೆಯುತ್ತಿರುವುದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಪ್ರಸ್ತಾವ ಬಿದ್ದುಹೋಯಿತು. ಅವರು ಸಂಜೆಯವರೆಗೆ ಆಡಿದರು. ಚೌಕಟ್ಟಿನ ಗಾಜು ಒಡೆಯಬಹುದೆಂಬ ಭಯದಿಂದ ನಾನು ಅದನ್ನು ಎಲ್ಲಿಯೂ ಒರಗಿಸದೆ, ಆಟ ಮುಗಿಯುವವರೆಗೆ ಹಿಡಿದುಕೊಂಡೇ ನಿಂತಿದ್ದೆ.